ಫಲಿತಾಂಶದ ವಾರ: ಹದಿಹರೆಯದವರ ಮನಸ್ಸು ಮತ್ತು ಸದಸ್ಯರ ಹೊಣೆ



ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗ ಹೆಚ್ಚು ಅಂಕ ಪಡೆದ ಮಕ್ಕಳನ್ನು ಅಭಿನಂದಿಸುವುದು ಒಳ್ಳೆಯ ರೂಢಿ. ನಾನು ಅಭಿವೃದ್ಧಿ ಅಧಿಕಾರಿಯಾಗಿರುವ ಗ್ರಾಮದಲ್ಲಿಯೂ ಬಸ್ ನಿಲ್ದಾಣದ ಬಳಿ ಫ್ಲೆಕ್ಸ್ ಕಟ್ಟಿಸಿದ್ದೆವು. ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ಬಾಲಕನೊಬ್ಬ ಆ ದಾರಿಯನ್ನೇ ಬಿಟ್ಟು ಹೊಲದ ಬದುವಿನ ಮೇಲೆ ಓಡಾಡತೊಡಗಿದ್ದನ್ನು ನಾವು ಗಮನಿಸಲಿಲ್ಲ. ಅವನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ವಾರದ ನಂತರ ಆಶಾ ಕಾರ್ಯಕರ್ತೆ ತಿಳಿಸಿದರು. ಅಲ್ಲಿಯವರೆಗೆ ಆ ಮನೆಗೆ ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ.

ಈ ವಯಸ್ಸಿನ ವಿಶೇಷ

10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆನ್ನುತ್ತೇವೆ. ಈ ವಯಸ್ಸಿನಲ್ಲಿ ಭಾವನೆಗಳು ತೀವ್ರವಾಗಿರುತ್ತವೆ. ಅವುಗಳಿಗೆ ಕಡಿವಾಣ ಹಾಕಿ ಮುಂದಿನದನ್ನು ಯೋಚಿಸುವ ಮಿದುಳಿನ ಮುಂಭಾಗವಾದರೋ ಇಪ್ಪತ್ತರ ನಂತರವೂ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ನಮಗೆ ಸಣ್ಣದೆನಿಸುವ ಸೋಲು ಅವರಿಗೆ ಬದುಕೇ ಮುಗಿದಂತೆ ತೋರಬಹುದು.

ತನ್ನ ಭಾವನೆಯನ್ನು ಗುರುತಿಸುವುದು, ಅದನ್ನು ಮಾತಿನಲ್ಲಿ ಹೇಳುವುದು, ಹತೋಟಿಯಲ್ಲಿಡುವುದು ಹಾಗೂ ಇತರರ ಮನಸ್ಸನ್ನು ಅರಿಯುವುದು – ಇವೇ ಭಾವನಾತ್ಮಕ ಬುದ್ಧಿವಂತಿಕೆಯ ಅಂಗಗಳು. ಮಕ್ಕಳು ಇದನ್ನು ಹಿರಿಯರನ್ನು ನೋಡಿ ಕಲಿಯುತ್ತಾರೆ. “ಗಂಡುಹುಡುಗ ಅಳುತ್ತಾನೆಯೇ?”, “ಪಕ್ಕದ ಮನೆಯವಳನ್ನು ನೋಡಿ ಕಲಿ” ಎಂಬ ಮಾತುಗಳು ಅವರ ಬಾಯಿ ಮುಚ್ಚಿಸುತ್ತವೆ. “ಬೇಸರವಾಗಿದೆಯೇನಪ್ಪಾ? ಏನಾಯಿತು ಹೇಳು” ಎಂದರೆ ಮಾತು ಹೊರಬರುತ್ತದೆ. ಮೊದಲು ಆಲಿಸೋಣ, ಬುದ್ಧಿವಾದ ಆಮೇಲೆ ಇರಲಿ.

ಗಮನಿಸಬೇಕಾದ ಲಕ್ಷಣಗಳು

ನಿದ್ರೆ ಮತ್ತು ಊಟದಲ್ಲಿ ಏರುಪೇರು, ಗೆಳೆಯರಿಂದ ದೂರವಾಗುವುದು, ಇಷ್ಟದ ಆಟವನ್ನು ಬಿಡುವುದು, ವಿನಾಕಾರಣ ಸಿಟ್ಟು, ಮತ್ತೆ ಮತ್ತೆ ತಲೆನೋವು. ಇವು ಎರಡು ವಾರ ಮೀರಿದರೆ ವೈದ್ಯರ ಸಲಹೆ ಅಗತ್ಯ. “ಬದುಕಿ ಪ್ರಯೋಜನವಿಲ್ಲ” ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು.

ಸದಸ್ಯರು ಮಾಡಬಹುದಾದುದು

1. ಫಲಿತಾಂಶ ಬಂದ ಎರಡು ದಿನಗಳೊಳಗೆ, ತಮ್ಮ ವಾರ್ಡಿನಲ್ಲಿ ಅನುತ್ತೀರ್ಣರಾದ ಮಕ್ಕಳ ಮನೆಗೆ ಆಶಾ ಕಾರ್ಯಕರ್ತೆ ಅಥವಾ ಶಿಕ್ಷಕರೊಡನೆ ಸದ್ದಿಲ್ಲದೆ ಭೇಟಿ ನೀಡುವುದು.

2. ಅದೇ ವರ್ಷ ಪರೀಕ್ಷೆ-2 ಬರೆಯುವ ಅವಕಾಶವಿರುವುದನ್ನು ಪೋಷಕರಿಗೆ ತಿಳಿಸಿ, ಶಾಲೆಯ ಮೂಲಕ ನೋಂದಣಿಗೆ ನೆರವಾಗುವುದು. ಓದಲು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸ್ಥಳ ಒದಗಿಸುವುದು.

3. ಟೆಲಿ-ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 – ಇವುಗಳನ್ನು ಶಾಲೆ, ಗ್ರಂಥಾಲಯ, ಹಾಲಿನ ಡೈರಿಗಳ ಗೋಡೆಯ ಮೇಲೆ ಬರೆಸುವುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತವಾಗಿದ್ದು, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.

4. ಅಪಾಯದ ಮಾತು ಕೇಳಿಬಂದಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುವುದು. ಕ್ರಿಮಿನಾಶಕಗಳನ್ನು ಸದಾ ಬೀಗ ಹಾಕಿ ಇಡುವಂತೆ ಎಲ್ಲ ಮನೆಗಳಿಗೂ ತಿಳಿಹೇಳುವುದು.

5. ಮಗುವಿನ ಹೆಸರನ್ನು ಸಭೆಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ ಪ್ರಸ್ತಾಪಿಸದಿರುವುದು.

ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯ, ಆಟದ ಮೈದಾನಗಳ ಜೊತೆಗೆ ಮನಸ್ಸಿನ ಒತ್ತಡದ ವಿಷಯವೂ ಚರ್ಚೆಗೆ ಬರಲಿ. ಹೆಸರು ಬರೆಯದೆ ಚೀಟಿ ಹಾಕಲು ಒಂದು ಪೆಟ್ಟಿಗೆ ಇಟ್ಟರೆ ಸಾಕು.

ಮೇಲೆ ಹೇಳಿದ ಬಾಲಕ ಪರೀಕ್ಷೆ-2ರಲ್ಲಿ ಒಂದು ವಿಷಯದಲ್ಲಿ ತೇರ್ಗಡೆಯಾಗಿದ್ದಾನೆ. ಇನ್ನೊಂದು ಬಾಕಿ ಇದೆ. ಈಗ ಬಸ್ ನಿಲ್ದಾಣದ ದಾರಿಯಲ್ಲೇ ಬರುತ್ತಾನೆ. ಸನ್ಮಾನ ನಡೆಯಲಿ; ಆದರೆ ಈ ವರ್ಷ ನಮ್ಮ ಮೊದಲ ಭೇಟಿ ಸೋತ ಮಗುವಿನ ಮನೆಗಿರಲಿ.