ಮಕ್ಕಳ ಕುರು ಮತ್ತು ಸೂಟ್‌ಕೇಸಿನ ಮಾತ್ರೆ

ರಜೆಗೆ ಊರಿಗೆ ಹೋಗಿ ಬಂದ ಮೇಲೆ ಹಾಲಿಹಿಲ್ ಸುತ್ತಮುತ್ತಲಿನ ನಮ್ಮ ಮನೆಗಳಲ್ಲಿ ಯಾವುದಾದರೊಂದು ಮಗುವಿನ ತೊಡೆಯಲ್ಲೋ ಕಂಕುಳಲ್ಲೋ ಕುರು ಏಳುವುದುಂಟು. "ಮಾವಿನಹಣ್ಣಿನ ಉಷ್ಣ" ಎಂದು ಅಜ್ಜಿ ಫೋನಿನಲ್ಲೇ ತೀರ್ಪು ಕೊಡುತ್ತಾರೆ. ಊರಿನ ಮೆಡಿಕಲ್ ಶಾಪಿನಲ್ಲಿ ಕೊಂಡ ಆಂಟಿಬಯಾಟಿಕ್ ಸ್ಟ್ರಿಪ್ಪೊಂದು ಸೂಟ್‌ಕೇಸಿನಲ್ಲಿ ಇದ್ದೇ ಇರುತ್ತದೆ. ಅದನ್ನು ಮಗುವಿಗೆ ಏಕೆ ಕೊಡಬಾರದು ಎಂಬುದನ್ನು ಇಲ್ಲಿ ನೋಡೋಣ.

ಕುರುವಿಗೆ ಸಾಮಾನ್ಯ ಕಾರಣ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಸುಮ್ಮನೆ ವಾಸವಾಗಿರುತ್ತದೆ. ಗಾಯ, ಕೆರೆತ ಸಿಕ್ಕರೆ ಒಳಗೆ ನುಗ್ಗುತ್ತದೆ. ಪೆನಿಸಿಲಿನ್ ಜಾತಿಯ ಔಷಧಗಳು ಇದರ ಹೊರಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಆ ಜಾತಿಯ ಮೆಥಿಸಿಲಿನ್‌ಗೂ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡಿನಲ್ಲಿ ವರದಿಯಾಯಿತು. ಅದೇ ಎಂಆರ್‌ಎಸ್‌ಎ. ಔಷಧ ಅಂಟದ ಇನ್ನೊಂದು ಪ್ರೋಟೀನನ್ನು ಅದು ಇಟ್ಟುಕೊಂಡಿದೆ. ಸಾಫ್ಟ್‌ವೇರ್ ಮಿತ್ರರಿಗೆ ಬ್ಯಾಕಪ್ ಸರ್ವರ್ ಎಂದರೆ ಸಾಕು. ಅಮಾಕ್ಸಿಸಿಲಿನ್ ಕೊಟ್ಟರೆ ಸುತ್ತಲಿನ ಸಾಧು ಬ್ಯಾಕ್ಟೀರಿಯಾಗಳು ಸತ್ತು, ಇದಕ್ಕೆ ಜಾಗ ಬಿಟ್ಟುಕೊಟ್ಟಂತಾಗುತ್ತದೆ.

ಐರ್ಲೆಂಡಿನಲ್ಲಿ 2006ರಲ್ಲಿ ರಕ್ತದಲ್ಲಿ ಸಿಕ್ಕ ಸ್ಟ್ಯಾಫ್‌ಗಳ ಪೈಕಿ ಸುಮಾರು ಶೇ. 42 ಎಂಆರ್‌ಎಸ್‌ಎ ಆಗಿತ್ತು. 2018ಕ್ಕೆ ಸುಮಾರು ಶೇ. 12ಕ್ಕೆ ಇಳಿಯಿತು. ಭಾರತದ ಆಸ್ಪತ್ರೆಗಳ 2008-09ರ ಸಮೀಕ್ಷೆಯಲ್ಲಿ ಸ್ಟ್ಯಾಫ್‌ಗಳ ಪೈಕಿ ಇದರ ಪಾಲು ಶೇ. 40ರ ಆಸುಪಾಸು. ಆದ್ದರಿಂದ ಊರಿಗೆ ಹೋಗಿದ್ದನ್ನು, ಅಲ್ಲಿ ನುಂಗಿಸಿದ ಮಾತ್ರೆಯನ್ನು ಇಲ್ಲಿನ ಜಿಪಿಗೆ ತಪ್ಪದೆ ಹೇಳಿ.

ಕುರುವನ್ನು ಹಿಚುಕಬೇಡಿ, ಸೂಜಿ ಚುಚ್ಚಬೇಡಿ. ವೈದ್ಯರು ಕೊಯ್ದು ಕೀವು ತೆಗೆದರೆ ಸಣ್ಣ ಕುರು ಎಷ್ಟೋ ಸಲ ಅಷ್ಟರಲ್ಲೇ ವಾಸಿಯಾಗುತ್ತದೆ. ಕೀವನ್ನು ಲ್ಯಾಬಿಗೆ ಕಳಿಸುವಿರಾ ಎಂದು ಕೇಳಲು ಸಂಕೋಚ ಬೇಡ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದು ಕೆಲವು ದಿನಗಳಲ್ಲಿ ತಿಳಿಯುತ್ತದೆ. ಮೊದಲೇ ಮಾತ್ರೆ ಕೊಟ್ಟಿದ್ದರೆ ಫಲಿತಾಂಶ ಕೆಡಬಹುದು. ಇಲ್ಲಿ ನೆಲೆಸಿರುವ 8 ವರ್ಷದೊಳಗಿನ ಮಕ್ಕಳಿಗೆ ಜಿಪಿ ಕಾರ್ಡ್ ಮಾಡಿಸಿದರೆ ಭೇಟಿ ಉಚಿತ. ರಾತ್ರಿ, ವಾರಾಂತ್ಯಗಳಲ್ಲಿ ಸೌತ್‌ಡಾಕ್ ಇದೆ. ಜ್ವರ, ಬೇಗ ಹರಡುವ ಕೆಂಪು, ಕಣ್ಣಿನ ಬಳಿ ಊತ, ಕುಂಟುವುದು, ಮಂಕಾಗಿ ಮಲಗುವುದು ಕಂಡರೆ ಕಾಯಬೇಡಿ, ನೇರ ಕಾರ್ಕ್ ಯೂನಿವರ್ಸಿಟಿ ಹಾಸ್ಪಿಟಲ್. ಹಸುಗೂಸಿಗಾದರೆ ಸಣ್ಣ ಕುರುವನ್ನೂ ಅಂದೇ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿ ಆ ಮಗುವಿಗೆ ಬೇರೆ ಟವೆಲ್ ಇಡಿ. ಅಣ್ಣತಂಗಿಯರಿಗೆ ಒಂದೇ ಟವೆಲ್ ಎಂಬ ನಮ್ಮ ರೂಢಿ ಸ್ಟ್ಯಾಫ್‌ಗೆ ಬಲು ಅನುಕೂಲ! ಬಟ್ಟೆ, ಹಾಸಿಗೆಯ ಹೊದಿಕೆಗಳನ್ನು 60 ಡಿಗ್ರಿಯಲ್ಲಿ ಒಗೆಯಿರಿ, ಉಗುರು ಕತ್ತರಿಸಿ, ಪಟ್ಟಿ ಬದಲಿಸುವ ಮೊದಲೂ ಆಮೇಲೂ ಕೈ ತೊಳೆಯಿರಿ. ಗಾಯವನ್ನು ಪೂರ್ತಿ ಮುಚ್ಚಿದ್ದರೆ, ಮಗು ಗೆಲುವಾಗಿದ್ದರೆ ಶಾಲೆಗೆ ಕಳಿಸಬಹುದು. ಈಜು ಮಾತ್ರ ಗಾಯ ಮಾಯುವ ತನಕ ಬೇಡ. ಸೂಟ್‌ಕೇಸಿನ ಆ ಸ್ಟ್ರಿಪ್ಪನ್ನು ಕಸಕ್ಕೆ ಹಾಕದೆ ಹತ್ತಿರದ ಫಾರ್ಮಸಿಗೆ ಒಪ್ಪಿಸಿ.