ಗಡಿನಾಡಿನ ತರಗತಿಗೆ ಆಫ್ರಿಕಾದ ಸಿನಿಮಾ: ಏನು ತೋರಿಸಬೇಕು, ಎಲ್ಲಿ ಹುಡುಕಬೇಕು

ಆಫ್ರಿಕಾದ ಸಿನಿಮಾ ಕಲಿಸಬೇಕೆಂದು ಹೊರಟ ಶಿಕ್ಷಕರು ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಸಿಂಹ, ಸಫಾರಿ, ಬರಗಾಲ. ಇಲ್ಲವೇ ಹಾಲಿವುಡ್‌ನವರು ಅಲ್ಲಿಗೆ ಹೋಗಿ ತೆಗೆದ ಕಥೆಗಳು. ಆಫ್ರಿಕಾದವರು ತಾವೇ ಕ್ಯಾಮೆರಾ ಹಿಡಿದು, ತಮ್ಮ ನುಡಿಯಲ್ಲಿ ಮಾಡಿದ ಚಿತ್ರಗಳೇ ಬೇರೆ. ಬುಧಗಾಂವ, ಸಾಂಗ್ಲಿ, ಮಿರಜದ ಕಾಲೇಜುಗಳಲ್ಲಿ, ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಮೇಲಿನ ತರಗತಿಗಳಲ್ಲಿ ಪಾಠ ಮಾಡುವವರಿಗಾಗಿ ಈ ಮಾಹಿತಿ.

ಅರಿಯದ ಭಾಷೆಯ ಚಿತ್ರ ಹುಡುಗರಿಗೆ ಹಿಡಿಸೀತೇ ಎಂಬ ಅಳುಕು ಬೇಡ. ಬೇರೆ ನುಡಿಯ ಆಟವನ್ನು ಈ ನೆಲ ಹಿಂದೆಯೂ ಮೆಚ್ಚಿದೆ. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ನೋಡಿ ಮೆಚ್ಚಿದ ಸಾಂಗ್ಲಿಯ ದೊರೆ ಚಿಂತಾಮಣರಾವ ಪಟವರ್ಧನರು, ಅಂಥದನ್ನು ಮರಾಠಿಯಲ್ಲಿ ಕಟ್ಟಲು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂದದ್ದು ಹಾಗೆ. ಹೆಗ್ಗೋಡಿನ ನೀನಾಸಮ್ 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯಡಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕರ್ನಾಟಕದ ಹಳ್ಳಿಗಳಿಗೇ ಒಯ್ದು ತೋರಿಸಿತು. ಪುಣೆಯ ಸಿನಿಮಾ ಪ್ರಾಧ್ಯಾಪಕ ಸತೀಶ ಬಹಾದ್ದೂರ್ ಹೆಗ್ಗೋಡಿಗೆ ಬಂದು ಸಿನಿಮಾ ನೋಡುವ ಬಗೆ ಕಲಿಸಿದರು. ದಾರಿ ಹೊಸದಲ್ಲ.

ಮೊದಲ ಹೆಜ್ಜೆ: ಚಿಕ್ಕ ಚಿತ್ರ ಆರಿಸಿ

ಎರಡು ಗಂಟೆಯ ಚಿತ್ರದಿಂದ ಶುರು ಮಾಡಬೇಡಿ. ಸೆನೆಗಲ್‌ನ ಉಸ್ಮಾನ್ ಸೆಂಬೆನ್ 1963ರಲ್ಲಿ ಮಾಡಿದ ‘ಬೊರೊಮ್ ಸರೆಟ್’ ಸುಮಾರು 20 ನಿಮಿಷದ್ದು. ಡಕಾರ್ ಪಟ್ಟಣದ ಬಡ ಕುದುರೆಗಾಡಿಯವನೊಬ್ಬನ ಒಂದು ದಿನದ ಕಥೆ. ದಾರಿಯಲ್ಲಿ ಒಬ್ಬ ಹಾಡುಗಾರ ಇವನ ಪೂರ್ವಿಕರ ಹಿರಿಮೆಯನ್ನು ಹಾಡಿ ಹೊಗಳುತ್ತಾನೆ. ಉಬ್ಬಿದ ಗಾಡಿಯವ ಗಳಿಸಿದ್ದನ್ನೆಲ್ಲ ಕೊಟ್ಟುಬಿಡುತ್ತಾನೆ. ಮುಂದೆ ಶ್ರೀಮಂತರ ಬಡಾವಣೆಗೆ ಗಾಡಿ ಹೊಡೆದದ್ದಕ್ಕೆ ಪೊಲೀಸರು ಗಾಡಿಯನ್ನೇ ಕಿತ್ತುಕೊಳ್ಳುತ್ತಾರೆ. ಆ ಹಾಡುಗಾರರನ್ನು ಪಶ್ಚಿಮ ಆಫ್ರಿಕಾದಲ್ಲಿ ಗ್ರಿಯೋ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಎತ್ತಿನ ಮೇಲೆ ಕೂತು ಬಂದು ಮನೆತನದ ವಂಶಾವಳಿ ಹೇಳುವ ಹೆಳವರನ್ನು ಬಲ್ಲ ಮಕ್ಕಳಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ. ಮಿರಜದ ಟಾಂಗಾವಾಲಾಗಳ ನೆನಪು ಯಾರ ಮನೆಯಲ್ಲಿದೆ ಎಂದು ಕೇಳಿ ನೋಡಿ. ಅರ್ಧ ಪಾಠ ಅಲ್ಲೇ ಆಗುತ್ತದೆ.

ಎರಡನೆಯದಾಗಿ ಸೆನೆಗಲ್‌ನವರೇ ಆದ ಜಿಬ್ರಿಲ್ ಜೋಪ್ ಮಾಂಬೆತಿಯ ‘ಸೂರ್ಯನನ್ನು ಮಾರಿದ ಪುಟ್ಟ ಹುಡುಗಿ’ (1999). ಊರುಗೋಲಿನ ಹುಡುಗಿ ಸಿಲಿ, ಹುಡುಗರಷ್ಟೇ ಮಾಡುತ್ತಿದ್ದ ಪತ್ರಿಕೆ ಮಾರುವ ಕೆಲಸಕ್ಕೆ ಇಳಿಯುತ್ತಾಳೆ. ಆಕೆ ಮಾರುವ ಪತ್ರಿಕೆಯ ಹೆಸರೇ ‘ಸೂರ್ಯ’. 45 ನಿಮಿಷದ ಚಿತ್ರ, ಒಂದು ಪಿರಿಯಡ್‌ಗೆ ಸರಿಹೊಂದುತ್ತದೆ. ಎಂಟನೆಯ ತರಗತಿಯವರಿಗೂ ಧೈರ್ಯವಾಗಿ ತೋರಿಸಬಹುದು. ಮಾಂಬೆತಿಯದೇ ‘ಟೂಕಿ ಬೂಕಿ’ (1973) ಹೆಚ್ಚು ಪ್ರಸಿದ್ಧ, ಆದರೆ ಅದರಲ್ಲಿ ಪ್ರಾಣಿವಧೆಯ ನೇರ ದೃಶ್ಯಗಳಿವೆ, ಕಾಲೇಜಿನವರಿಗೆ ಇರಲಿ. ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧ ನಿಂತ ಸೆಂಬೆನ್‌ರ ‘ಮೂಲಾದೆ’ಯೂ (2004) ಹಾಗೆಯೇ, ಮುಂಚೆ ಮಾತಾಡಿ ಸಿದ್ಧಮಾಡದೆ ತೋರಿಸಬಾರದು.

ಎರಡನೆಯ ಹೆಜ್ಜೆ: ಕನ್ನಡ ಚಿತ್ರದ ಜೊತೆಯಿಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಬುರ್ಕಿನಾ ಫಾಸೋದ ಇದ್ರಿಸ್ಸಾ ವೆದ್ರಾವೊಗೊ ಅವರ ‘ಯಾಬಾ’ದಲ್ಲಿ (1989) ಊರವರು ಮಾಟಗಾತಿ ಎಂದು ದೂರವಿಟ್ಟ ಮುದುಕಿಯೊಬ್ಬಳನ್ನು ಬಿಲಾ ಎಂಬ ಹುಡುಗ ‘ಅಜ್ಜಿ’ ಎಂದು ಕರೆದು ಹಚ್ಚಿಕೊಳ್ಳುತ್ತಾನೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ವೇದಪಾಠಶಾಲೆಯ ಪುಟ್ಟ ನಾಣಿಗೆ ಆಸರೆಯಾಗುವವಳು ಬಹಿಷ್ಕಾರಕ್ಕೆ ಗುರಿಯಾಗುವ ವಿಧವೆ ಯಮುನಕ್ಕ. ಎರಡರಲ್ಲೂ ಊರಿನ ಕ್ರೌರ್ಯವನ್ನು ಕಾಣುವುದು ಹುಡುಗನ ಕಣ್ಣು. ಒಂದು ವಾರ ಇದು, ಮುಂದಿನ ವಾರ ಅದು ತೋರಿಸಿ, ಕ್ಯಾಮೆರಾ ಹುಡುಗನ ಎತ್ತರಕ್ಕೆ ಎಲ್ಲಿ ಇಳಿಯುತ್ತದೆ, ದೊಡ್ಡವರ ಗುಂಪನ್ನು ಎಷ್ಟು ದೂರದಿಂದ ತೋರಿಸುತ್ತದೆ ಎಂದು ಗುರುತು ಮಾಡಿಕೊಳ್ಳಲು ಹೇಳಿ. ಇನ್ನೊಂದು ನಂಟೂ ಇದೆ: ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ‘ಟೂಕಿ ಬೂಕಿ’ಯನ್ನು ಸಂಸ್ಕರಿಸಿ ಉಳಿಸಿತು, ‘ಘಟಶ್ರಾದ್ಧ’ವನ್ನೂ ಅದೇ ಯೋಜನೆ, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ ಉಳಿಸಿತು. ಹೊಸ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು.

ಪಾಠಕ್ಕೆ ಇನ್ನೊಂದು ಮಾತು ಸೇರಿಸಿ: ಉತ್ತರ ನೈಜೀರಿಯಾದ ಜನ ದಶಕಗಳಿಂದ ಹಿಂದಿ ಸಿನಿಮಾ ನೋಡುತ್ತ ಬಂದವರು, ‘ಮದರ್ ಇಂಡಿಯಾ’ ಅಲ್ಲಿ ಮನೆಮಾತು. ಅವರು ನಮ್ಮನ್ನು ನೋಡಿದ್ದಾರೆ, ನಾವು ಅವರನ್ನು ನೋಡಿಲ್ಲ.

ಎಲ್ಲಿ ಸಿಗುತ್ತವೆ?

ಮಿರಜದಿಂದ ಪುಣೆಗೆ ನೇರ ರೈಲಿದೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅಲ್ಲಿದೆ. ಅದರ ಗ್ರಂಥಾಲಯದಲ್ಲಿ ಕೂತು ಓದಲು ಒಂದು ಇಡೀ ದಿನ ಇಟ್ಟುಕೊಳ್ಳಿ. ಫ್ರೆಂಚ್ ಸರ್ಕಾರದ ಅಂಗವಾದ ಅಂಸ್ತಿತ್ಯು ಫ್ರಾನ್ಸೆಯ ‘ಸಿನೆಮಾತೆಕ್ ಆಫ್ರಿಕ್’ ಸಂಗ್ರಹದಲ್ಲಿ ಸಾವಿರಕ್ಕೂ ಹೆಚ್ಚು ಆಫ್ರಿಕನ್ ಚಿತ್ರಗಳಿದ್ದು, ಲಾಭದ ಉದ್ದೇಶವಿಲ್ಲದ ಪ್ರದರ್ಶನಗಳಿಗೆ ಕೊಡುತ್ತಾರೆ. ಪುಣೆ ಅಥವಾ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಮೂಲಕ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಕೇಳಿ. 1971ರಿಂದ ನಡೆದುಬಂದ ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿಯವರೂ ದಾರಿ ತೋರಿಸಬಲ್ಲರು. ವಿದೇಶಿ ಡಿಸ್ಕ್ ಕೊಳ್ಳುವವರು ಪ್ರದೇಶ ಸಂಕೇತ ನೋಡಿಕೊಳ್ಳಿ: ಅಮೆರಿಕದ ಬ್ಲೂ-ರೇ ‘ಎ’, ಭಾರತದ್ದು ‘ಸಿ’, ಇಲ್ಲಿನ ಎಷ್ಟೋ ಪ್ಲೇಯರ್‌ಗಳಲ್ಲಿ ಅಮೆರಿಕದ ಡಿಸ್ಕ್ ಓಡುವುದಿಲ್ಲ.

ಹಕ್ಕಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರಿಗಷ್ಟೇ ಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಟಿಕೆಟ್ ಇಟ್ಟು, ಊರಿಗೆಲ್ಲ ಡಂಗುರ ಹೊಡೆದು ತೋರಿಸಿದರೆ ಆ ರಕ್ಷಣೆ ಇಲ್ಲ.

ಓದಲು ಎರಡು ಪುಸ್ತಕ ಸಾಕು: ಮಾಂತಿಯಾ ಜವಾರಾ ಅವರ ‘ಆಫ್ರಿಕನ್ ಸಿನಿಮಾ’ (1992), ಫ್ರಾಂಕ್ ಉಕಡಿಕೆಯವರ ‘ಬ್ಲ್ಯಾಕ್ ಆಫ್ರಿಕನ್ ಸಿನಿಮಾ’ (1994). ಫ್ರೆಂಚರು 1934ರ ಲಾವಾಲ್ ಕಟ್ಟಳೆಯಿಂದ ವಸಾಹತುಗಳಲ್ಲಿ ಚಿತ್ರ ತೆಗೆಯುವುದನ್ನು ಹೇಗೆ ಹಿಡಿತದಲ್ಲಿಟ್ಟರು, 1969ರಲ್ಲಿ ಬುರ್ಕಿನಾ ಫಾಸೋದ ವಾಗಾಡೂಗೂ ನಗರದಲ್ಲಿ ಶುರುವಾದ ಫೆಸ್ಪಾಕೊ ಚಿತ್ರೋತ್ಸವ ಏಕೆ ದೊಡ್ಡದು ಎಂಬುದನ್ನು ತಿಳಿಯದೆ ಪಾಠಕ್ಕೆ ನಿಲ್ಲಬೇಡಿ. ಎನ್-ಲಿಸ್ಟ್ ಸದಸ್ಯತ್ವವಿರುವ ಕಾಲೇಜುಗಳವರು ಅದರ ವಿದ್ಯುನ್ಮಾನ ನಿಯತಕಾಲಿಕೆಗಳಲ್ಲೂ ಹುಡುಕಲಿ.

ತರಗತಿಯಲ್ಲಿ

ಇಂಗ್ಲಿಷ್ ಸಬ್‌ಟೈಟಲ್ ಓದಲು ಜತ್ತದ ಹುಡುಗರು ತಡವರಿಸಿಯಾರು. ಮುಂಚೆಯೇ ಕಥೆಯ ಸಾರವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಹಂಚಿ. ಮುಖ್ಯ ಮಾತುಗಳನ್ನು ನೀವೇ ದನಿಯೆತ್ತಿ ಕನ್ನಡದಲ್ಲಿ ಹೇಳಿ. ಕಾದಂಬರಿಕಾರರಾಗಿದ್ದ ಸೆಂಬೆನ್ ಕ್ಯಾಮೆರಾ ಹಿಡಿದದ್ದೇ ಫ್ರೆಂಚ್ ಓದಲಾರದ ತಮ್ಮ ಜನರನ್ನು ಮುಟ್ಟಲು; ‘ಮಂದಾಬಿ’ಯನ್ನು (1968) ಅವರು ವೊಲೊಫ್ ನುಡಿಯಲ್ಲೇ ಮಾಡಿದರು. ಪ್ಯಾರಿಸ್‌ನಿಂದ ಬಂದ ಮನಿಯಾರ್ಡರ್ ಬಿಡಿಸಿಕೊಳ್ಳಲು ಗುರುತಿನ ಚೀಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವನ ಆ ಕಥೆ, ದುಡಿಯಲು ಊರು ಬಿಟ್ಟವರ ಮನೆಯ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ.

ಚಿತ್ರ ಮುಗಿದೊಡನೆ ‘ಇದರ ಸಂದೇಶವೇನು’ ಎಂದು ಕೇಳಬೇಡಿ. ಯಾವ ದೃಶ್ಯ ನೆನಪಿದೆ, ಯಾವ ಸದ್ದು ಕೇಳಿತು ಎಂದು ಕೇಳಿ, ಅದನ್ನೇ ಮತ್ತೊಮ್ಮೆ ಹಾಕಿ ತೋರಿಸಿ.

ಪತ್ರ, ಅನುಮತಿ, ಪ್ರತಿ ಕೈಸೇರಲು ವಾರಗಳೇ ಹಿಡಿಯುತ್ತವೆ. ದೀಪಾವಳಿ ನಂತರ ತೋರಿಸುವ ಮನಸ್ಸಿದ್ದರೆ, ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಬರೆದು ಕಳಿಸಿ.