ಕಂಪನಿಯ ತಪ್ಪು, ವ್ಯಕ್ತಿಯ ಹೊಣೆ

ಕಂಪನಿಗೆ ದೇಹವಿಲ್ಲ, ಅದನ್ನು ಸೆರೆಮನೆಗೆ ಕಳುಹಿಸಲಾಗದು. ಹಾಗಾದರೆ ಅದರ ಕಾರ್ಖಾನೆಯಿಂದ ಒದಗಿದ ಅನಾಹುತಕ್ಕೆ ಹೊಣೆ ಯಾರು? 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನರು ಅಸುನೀಗಿದಾಗ ಈ ಪ್ರಶ್ನೆ ದೇಶದ ಮುಂದೆ ನಿಂತಿತು.

ಭಾರತೀಯ ದಂಡಸಂಹಿತೆಯನ್ವಯ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು 7 ಅಧಿಕಾರಿಗಳಿಗೆ 2010ರಲ್ಲಿ 2 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅಷ್ಟರಲ್ಲಿ 1986ರ ಪರಿಸರ ಸಂರಕ್ಷಣಾ ಕಾಯಿದೆಯು, ಕಂಪನಿಯು ತಪ್ಪೆಸಗಿದರೆ ಅದರ ಆಡಳಿತದ ಹೊಣೆ ಹೊತ್ತವರೂ ಅಪರಾಧಿಗಳೇ ಎಂದು ಸಾರಿತ್ತು. ತಮಗೆ ತಿಳಿಯದೆ ನಡೆಯಿತೆಂದಾಗಲಿ, ತಕ್ಕ ಎಚ್ಚರ ವಹಿಸಿದ್ದೆವೆಂದಾಗಲಿ ರುಜುವಾತುಪಡಿಸುವ ಭಾರವೂ ಅವರದೇ ಆಗಿತ್ತು. 2023ರ ತಿದ್ದುಪಡಿಯು ಆ ಕಾಯಿದೆಯ ಸೆರೆವಾಸವನ್ನು ಬಹುಮಟ್ಟಿಗೆ ಹಣದ ದಂಡವಾಗಿ ಮಾರ್ಪಡಿಸಿತು.

ದಂಡವನ್ನು ಕಂಪನಿಯ ಬೊಕ್ಕಸ ತೆರಬಲ್ಲದು. ಸೆರೆವಾಸವನ್ನು ಮಾತ್ರ ತಪ್ಪಿತಸ್ಥನೇ ಅನುಭವಿಸಬೇಕು.